ಬಂಡಿ ಹೋಗದ ನೆಲದಲ್ಲಿ ಅಲ್ಪ ವೆಚ್ಚದ ಮೇವಿನ ತಾಕು

ಕಾಡಂಚಿನ ಗ್ರಾಮಗಳ ಹಿಡುವಳಿದಾರರ ಮತ್ತು ಮುಖಂಡರ ಉಪಯೋಗಕ್ಕಾಗಿ

೧. ಪೀಠಿಕೆ

ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಚಾಮರಾಜನಗರ ಮೊದಲಾದ ತಾಲ್ಲೂಕುಗಳ ಕಾಡಂಚಿನ ಗ್ರಾಮಗಳಲ್ಲಿ ರೈತರು ಹೇಳಿಕೊಳ್ಳುವ ಕಷ್ಟಗಳಲ್ಲಿ ಎರಡು ಮುಖ್ಯವಾದುವು. ಬೇಸಗೆಯಲ್ಲಿ ದನಗಳಿಗೆ ಮೇವಿಲ್ಲವೆಂಬುದು ಒಂದು. ರಾತ್ರಿಯ ಹೊತ್ತು ಜಿಂಕೆ, ಕಡವೆ, ಹಂದಿಗಳು ಹೊಲಕ್ಕೆ ನುಗ್ಗಿ ಹುರುಳಿ, ರಾಗಿ, ಅವರೆಯ ಪೈರನ್ನು ತಿಂದುಹೋಗುವುವೆಂಬುದು ಮತ್ತೊಂದು. ಇವೆರಡೂ ಬೇರೆ ಬೇರೆ ಕಷ್ಟಗಳೆಂದು ತೋರುವುದು ಸಹಜ. ಆದರೆ ನಿಂತು ವಿಚಾರಮಾಡಿದರೆ ಇವು ಬಹುಮಟ್ಟಿಗೆ ಒಂದೇ ಕಷ್ಟದ ಎರಡು ಮುಖಗಳೆಂಬುದು ತಿಳಿದುಬರುವುದು. ಹಗಲಲ್ಲಿ ನಮ್ಮ ದನವು ಕಾಡಿಗೆ ಹೋಗಿ ಜಿಂಕೆಯ ಹುಲ್ಲನ್ನು ಮೇಯುವುದು. ರಾತ್ರಿಯಲ್ಲಿ ಜಿಂಕೆಯು ಹೊಲಕ್ಕೆ ಬಂದು ನಮ್ಮ ಪೈರನ್ನು ಮೇಯುವುದು. ಎಳೆಯ ಹುರುಳಿಯು ಕಾಡಿನ ಹುಲ್ಲಿಗಿಂತ ರುಚಿಯಾದ್ದರಿಂದ ಹೊಟ್ಟೆ ತುಂಬಿದ ಜಿಂಕೆಯೂ ಒಮ್ಮೊಮ್ಮೆ ಬರುವುದುಂಟು. ಆದರೂ ಹಸಿದ ಮಂದೆ ಬರುವಷ್ಟು ಧೈರ್ಯದಿಂದಲೂ ಅಷ್ಟು ದೊಡ್ಡ ಸಂಖ್ಯೆಯಲ್ಲಿಯೂ ಅದು ಬಾರದು.

ಇಂಥ ಗ್ರಾಮಗಳಲ್ಲಿ ಪ್ರತಿಯೊಬ್ಬ ಹಿಡುವಳಿದಾರನಿಗೂ ಯಾವುದಾದರೊಂದು ಮೂಲೆಯಲ್ಲಿ ಅರ್ಧ ಎಕರೆಯೋ ಒಂದು ಎಕರೆಯೋ ಬೀಳುನೆಲವಿರುವುದು ವಾಡಿಕೆ. ಅದು ಹಳ್ಳದ ಆಚೆಯದಾಗಿರಬಹುದು, ಗುಡ್ಡದ ಮಗ್ಗುಲಿನದಾಗಿರಬಹುದು, ಬಂಡೆಗಳ ನಡುವಣದಾಗಿರಬಹುದು. ಅಲ್ಲಿಗೆ ಬಂಡಿ ಹೋಗದು, ನೇಗಿಲು ನಡೆಯದು, ಟ್ರ್ಯಾಕ್ಟರಿನ ಮಾತಂತೂ ಇಲ್ಲವೇ ಇಲ್ಲ. ಆದ್ದರಿಂದ ಆ ನೆಲವು ಪಹಣಿಯಲ್ಲಿ ಮಾತ್ರವೇ ಜಮೀನಾಗಿದ್ದು ಮನೆಗೆ ಒಂದು ಹಿಡಿ ಹುಲ್ಲನ್ನೂ ಕೊಡುತ್ತಿಲ್ಲ. ಅಂಥ ನೆಲದಲ್ಲಿ ನೇಗಿಲಿಲ್ಲದೆ, ಬಂಡಿ ಗೊಬ್ಬರವಿಲ್ಲದೆ, ಕೈ, ಕುಡುಗೋಲು, ಬೀಜ, ಮಳೆ ಇಷ್ಟರಿಂದಲೇ ಮೇವನ್ನು ಬೆಳೆಸುವ ಕ್ರಮವನ್ನು ತಿಳಿಸುವುದೇ ಈ ಪತ್ರಿಕೆಯ ಉದ್ದೇಶ.

೨. ಪರದೇಶದ ಒಂದು ಪದ್ಧತಿ

ಉತ್ತರ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಾಲದ ಅಡಿಭಾಗವು ಬೆಳ್ಳಗಿರುವ ಒಂದು ಜಾತಿಯ ಜಿಂಕೆ ಹೇರಳವಾಗಿದೆ. ಆ ದೇಶದಲ್ಲಿ ಗೊತ್ತಾದ ಋತುವಿನಲ್ಲಿ ರಹದಾರಿ ಪಡೆದು ಅದನ್ನು ಬೇಟೆಯಾಡಲು ಅವಕಾಶವುಂಟು. ಆದ್ದರಿಂದ ಅಲ್ಲಿನ ಭೂಮಾಲಿಕರು ತಮ್ಮ ಸ್ವಂತ ಕಾಡಿನ ನಡುವೆ ಕಾಲು ಎಕರೆ ಅರ್ಧ ಎಕರೆಯ ಸಣ್ಣ ತಾಕುಗಳನ್ನು ಮಾಡಿ, ಕ್ಲೋವರ್ ಎಂಬ ಮೂರೆಲೆಯ ದ್ವಿದಳ ಸಸ್ಯವನ್ನೂ ಓಟ್ಸ್, ರೈ ಎಂಬ ಧಾನ್ಯಗಳನ್ನೂ ಟರ್ನಿಪ್ ಗೆಡ್ಡೆಯನ್ನೂ ಜಿಂಕೆಗಾಗಿಯೇ ಬಿತ್ತುವರು. ಯಂತ್ರವು ತಲಪದ ಸ್ಥಳಗಳಲ್ಲಿ ಅವರು ಅನುಸರಿಸುವ ಒಂದು ಸುಲಭಕ್ರಮವು ನಮಗೆ ಉಪಯುಕ್ತವಾದುದು. ನಿಂತಿರುವ ಹುಲ್ಲುಗಿಡಗಳ ನಡುವೆ ಮೊದಲು ಬೀಜವನ್ನು ಎರಚುವರು. ಅನಂತರ ಆ ಹುಲ್ಲನ್ನು ಕೊಯ್ದು ಬೀಜದ ಮೇಲೆಯೇ ಕೆಡವುವರು. ಕೊಯ್ದ ಹುಲ್ಲು ಬೀಜಕ್ಕೆ ಹೊದಿಕೆಯಾಗಿ ತೇವವನ್ನು ಕಾಯುವುದು, ಹಕ್ಕಿಯ ಕಣ್ಣಿನಿಂದ ಮರೆಮಾಡುವುದು, ಕೊನೆಗೆ ಕೊಳೆತು ಗೊಬ್ಬರವೂ ಆಗುವುದು.

ಕ್ರಮವು ಸ್ವೀಕಾರಯೋಗ್ಯವಾದರೂ ಉದ್ದೇಶವು ನಮಗೆ ಒಪ್ಪುವಂಥದಲ್ಲ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಬೇಟೆಗಾಗಿ ಆಮಿಷವೊಡ್ಡುವುದೂ ಬೇಟೆಯೆಂದೇ ಎಣಿಸಲ್ಪಡುವುದು. ಅದಲ್ಲದೆ ನಮ್ಮ ಹೊಲಗಳು ಕಾಡಿಗೆ ಒತ್ತಿಕೊಂಡಿರುವುದರಿಂದ, ಜಿಂಕೆಯನ್ನು ಕರೆಯುವ ತಾಕು ಅದರ ಬೆನ್ನುಹತ್ತಿ ಬರುವ ಚಿರತೆಯನ್ನೂ ಕರೆದಂತಾಗುವುದು. ಆದ್ದರಿಂದ ಅಲ್ಲಿ ಜಿಂಕೆಗಾಗಿ ಮಾಡುವ ತಾಕನ್ನು ಇಲ್ಲಿ ದನಕ್ಕಾಗಿ ಮಾಡತಕ್ಕದ್ದು. ನಮ್ಮ ದನಕ್ಕೆ ನಮ್ಮ ನೆಲದ ಹುಲ್ಲು ದೊರೆತು ಕಾಡಿನ ಹುಲ್ಲು ಕಾಡಿನಲ್ಲಿಯೇ ಉಳಿದರೆ ಅದೇ ಜಿಂಕೆಗೆ ನಾವು ಬಿತ್ತಿದ ತಾಕು.

೩. ದನವನ್ನು ಕಾಡಿಗೆ ಅಟ್ಟುವುದರಿಂದಾಗುವ ನಷ್ಟ

ಕಾಡಿನ ಮೇವಿಗೆ ಬೆಲೆಯಿಲ್ಲವೆಂದು ಅನೇಕರು ಭಾವಿಸುವರು. ಇದು ತಪ್ಪು ಲೆಕ್ಕ. ಕಾಡಿಗೆ ಹೋದ ದನವು ದಿನಕ್ಕೆ ಎಷ್ಟೋ ಮೈಲಿ ನಡೆದು ತಿಂದದ್ದರಲ್ಲಿ ಬಹುಭಾಗವನ್ನು ನಡಿಗೆಗೇ ವ್ಯಯಮಾಡುವುದು. ಅದರ ಸಗಣಿ ತಿಪ್ಪೆಗೆ ಬಾರದೆ ಕಾಡಿನಲ್ಲಿಯೇ ಉಳಿಯುವುದು. ಹುಲ್ಲು ಸಿಕ್ಕದಾಗ ಲಂಟಾನದ ಎಲೆಯನ್ನು ತಿಂದ ದನಕ್ಕೆ ಪಿತ್ತಕೋಶವು ಕೆಟ್ಟು, ಬಿಸಿಲು ತಾಕಿದಲ್ಲಿ ಚರ್ಮ ಸುಲಿಯುವ ರೋಗ ಬರುವುದು. ಹುಲಿ ಚಿರತೆಗಳ ಪಾಲಾಗುವ ಕರುಗಳ ವಿಷಯವನ್ನು ಹೇಳಬೇಕಾದ್ದಿಲ್ಲ. ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವುದು ಕಾನೂನಿಗೂ ವಿರುದ್ಧ.

ಕಾಡುಮೃಗಗಳಿಗಾಗುವ ನಷ್ಟವೂ ಚಿಕ್ಕದಲ್ಲ. ದನಗಳ ಅಂಟುರೋಗಗಳು ಕಾಡಿಗೆ ಹರಡಿದ ಉದಾಹರಣೆಗಳುಂಟು. ೧೯೬೮ರಲ್ಲಿ ದೊಡ್ಡರೋಗವು ಬಂಡೀಪುರ ಮುದುಮಲೆಗಳ ಕಾಡೆಮ್ಮೆಗಳಲ್ಲಿ ಹಬ್ಬಿ ಅವುಗಳ ಹಿಂಡುಗಳನ್ನು ಬರಿದುಮಾಡಿತು. ಆ ರೋಗವು ಲೋಕದಿಂದಲೇ ನಿರ್ಮೂಲವಾಯಿತೆಂದು ೨೦೧೧ರಲ್ಲಿ ಘೋಷಿಸಲ್ಪಟ್ಟಿತು. ಆದರೆ ಕಾಲುಬಾಯಿ ಜ್ವರವೂ ನೆರಡಿಯೂ ಇನ್ನೂ ಇರುವುವು. ಮೇಲಾಗಿ ಲಂಟಾನವು ಹಬ್ಬಿದ ಕಡೆ ಹುಲ್ಲು ಬೆಳೆಯದಾದ್ದರಿಂದ ಕಾಡಿನೊಳಗೆ ಉಳಿದಿರುವ ಹುಲ್ಲಿನ ಹಡ್ಲುಗಳೇ ಜಿಂಕೆ ಕಾಡೆಮ್ಮೆಗಳಿಗೆ ಆಧಾರ. ಅವುಗಳಲ್ಲಿಯೂ ಊರದನ ನಿಂತರೆ ಆ ಮೃಗಗಳಿಗೆ ಹೊಲದ ದಾರಿಯೊಂದೇ ಉಳಿಯುವುದು.

೪. ಖರ್ಚನ್ನು ತಲೆಹೊರೆಯಿಂದ ಎಣಿಸತಕ್ಕದ್ದು

ಊರಿನ ಪಕ್ಕದ ಹೊಲದಲ್ಲಿ ಖರ್ಚನ್ನು ರೂಪಾಯಿಯಿಂದ ಎಣಿಸುವುದು ಸರಿ. ಬಂಡಿ ಹೋಗದ ನೆಲದಲ್ಲಿ ಖರ್ಚೆಂದರೆ ತಲೆಹೊರೆ. ಅಲ್ಲಿಗೆ ಹೋಗುವುದೆಲ್ಲವೂ ಮನುಷ್ಯನ ತಲೆಯ ಮೇಲೆಯೇ ಹೋಗಬೇಕು. ಬರುವುದೂ ಹಾಗೆಯೇ ಬರಬೇಕು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತೀರ್ಮಾನವಾಗುವುದು.

ಗೊಬ್ಬರದ ಸಂಗತಿಯನ್ನೇ ನೋಡಿ. ಎಕರೆಗೆ ಎರಡು ಟನ್ನು ತಿಪ್ಪೆಗೊಬ್ಬರವೆಂದರೆ ೨೫ ಕಿಲೋಗ್ರಾಮಿನ ೮೦ ಹೊರೆ. ಗುಡ್ಡವನ್ನು ೮೦ ಸಲ ಹತ್ತುವ ರೈತನು ಮರುವರ್ಷ ಆ ತಾಕಿನ ಹೆಸರೆತ್ತುವುದಿಲ್ಲ. ಇದಕ್ಕೆ ಬದಲಾಗಿ, ಬಿತ್ತುವ ಮುಂಚೆ ಕುರಿಯ ಮಂದೆಯನ್ನು ಕೆಲವು ರಾತ್ರಿ ಅಲ್ಲಿ ನಿಲ್ಲಿಸಿದರೆ ಗೊಬ್ಬರವು ತನ್ನ ಕಾಲಿನಿಂದ ತಾನೇ ನಡೆದುಬರುವುದು. ಕುರಿಯ ಗೊರಸು ಗಟ್ಟಿಯಾದ ಮೇಲ್ಮಣ್ಣನ್ನು ಒಡೆದು ಬೀಜಕ್ಕೆ ಹಾಸಿಗೆಯನ್ನೂ ಸಿದ್ಧಮಾಡುವುದು. ನೆಲವು ಕಾಡಿನ ಅಂಚಿನಲ್ಲಿಯೇ ಇದ್ದರೆ ಮಾತ್ರ ಮಂದೆಯನ್ನು ರಾತ್ರಿ ನಿಲ್ಲಿಸುವುದು ಅಪಾಯಕರ. ಅಲ್ಲಿ ಹಗಲಲ್ಲಿ ಮಾತ್ರ ನಿಲ್ಲಿಸತಕ್ಕದ್ದು. ಕುರಿಮಂದೆ ದೊರೆಯದಿದ್ದಲ್ಲಿ ಹುಲ್ಲಿನ ಜೊತೆಯಲ್ಲಿ ದ್ವಿದಳ ಮೇವನ್ನು ಬಿತ್ತುವುದೇ ಉಪಾಯ. ದ್ವಿದಳ ಸಸ್ಯದ ಬೇರುಗಂಟುಗಳಲ್ಲಿರುವ ಅಣುಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುವುವಾದ್ದರಿಂದ ಆ ಭಾಗದ ಗೊಬ್ಬರವನ್ನು ಯಾರೂ ಹೊರಬೇಕಾದ್ದಿಲ್ಲ.

೫. ನೆಲದ ಆಯ್ಕೆ

ಮೊದಲ ವರ್ಷದಲ್ಲಿ ಅರ್ಧ ಎಕರೆಗಿಂತ ಹೆಚ್ಚಾಗಿ ಕೈಹಾಕಕೂಡದು. ಆರಿಸುವಾಗ ನೋಡಬೇಕಾದ ಅಂಶಗಳು ಇವು.

ಅ. ನೆಲವು ತನ್ನ ಹಿಡುವಳಿಯದೇ ಆಗಿರಬೇಕು. ಗೋಮಾಳವಾದರೆ ಗ್ರಾಮ ಪಂಚಾಯಿತಿಯ ಒಪ್ಪಿಗೆಯಿರಬೇಕು. ಅರಣ್ಯದ ಗಡಿಕಲ್ಲಿನಿಂದ ಒಳಗೆ ಒಂದು ಗೇಣು ನೆಲವನ್ನೂ ಮುಟ್ಟಕೂಡದು.

ಆ. ಈಗಾಗಲೆ ಏನಾದರೂ ಕಳೆ ಹುಲ್ಲು ಬೆಳೆಯುತ್ತಿರುವ ನೆಲವು ಉತ್ತಮ. ಏನೂ ಬೆಳೆಯದ ಬರಿಯ ಜಂಬುಮಣ್ಣಿನ ತಟ್ಟೆಯಲ್ಲಿ ಬೀಜ ಚೆಲ್ಲುವುದು ವ್ಯರ್ಥ.

ಇ. ಇಳಿಜಾರು ಕಡಿದಾಗಿದ್ದರೆ ಅಗೆಯಕೂಡದು. ಸಿಕ್ಕಿದ ಕಲ್ಲುಗಳನ್ನು ಇಳಿಜಾರಿಗೆ ಅಡ್ಡಲಾಗಿ ಸಾಲು ಜೋಡಿಸಿದರೆ ಸಾಕು. ಕೊಚ್ಚಿಬರುವ ಮಣ್ಣು ಆ ಸಾಲಿನ ಹಿಂದೆ ನಿಂತು, ಮೊದಲ ಹುಲ್ಲು ಅಲ್ಲಿಯೇ ಏಳುವುದು.

ಈ. ಐದಾರು ಕಡೆ ಒಂದೊಂದು ಬೊಗಸೆ ಮಣ್ಣನ್ನು ತೆಗೆದು, ಬೆರಸಿ, ಅದರಲ್ಲಿ ಅರ್ಧ ಕಿಲೋಗ್ರಾಮಿನಷ್ಟನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸತಕ್ಕದ್ದು. ಅರ್ಧ ಕಿಲೋಗ್ರಾಂ ಮಣ್ಣನ್ನು ಕೆಳಕ್ಕೆ ತರುವುದರಿಂದ ವ್ಯರ್ಥವಾದ ಹೊರೆಗಳನ್ನು ಮೇಲಕ್ಕೆ ಸಾಗಿಸುವುದು ತಪ್ಪುವುದು.

೬. ಬೀಜಗಳು

ಹುಲ್ಲೊಂದು, ದ್ವಿದಳವೊಂದು, ಮೊದಲ ವರ್ಷಕ್ಕೆ ದಾದಿಯಂತಿರುವ ಪೈರೊಂದು, ಹೀಗೆ ಮೂರನ್ನು ಕೂಡಿಸಿ ಬಿತ್ತುವುದು ಮೇಲು. ಮಳೆಯು ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಉಳಿಯುವುದು.

ಅಂಜನ್ ಹುಲ್ಲು: ಇದು ನಮ್ಮ ದೇಶದ ಒಣಸೀಮೆಗಳ ಸ್ವಂತ ಹುಲ್ಲು. ಬೇರು ಆಳಕ್ಕೆ ಇಳಿದು ಬರವನ್ನು ತಾಳುವುದು; ಒಮ್ಮೆ ಹಿಡಿಯಿತೆಂದರೆ ಹಲವು ವರ್ಷ ಉಳಿಯುವುದು. ಎಕರೆಗೆ ೨ ರಿಂದ ೨½ ಕಿಲೋಗ್ರಾಂ ಬೀಜ ಸಾಕು. ಹೊಸದಾಗಿ ಕೊಯ್ದ ಬೀಜವು ಸರಿಯಾಗಿ ಮೊಳೆಯದಾದ್ದರಿಂದ ಆರೇಳು ತಿಂಗಳು ಹಳೆಯದಾದ ಬೀಜವನ್ನೇ ಕೇಳಿ ಕೊಳ್ಳತಕ್ಕದ್ದು. ಬೀಜಕ್ಕೆ ನವಿರಿರುವುದರಿಂದ ಅದು ಗಾಳಿಗೆ ಹಾರುವುದು. ಒದ್ದೆ ಮರಳಿನೊಡನೆ ಬೆರಸಿ ಎರಚಿದರೆ ಸಮನಾಗಿ ಬೀಳುವುದು.

ಹಮಾಟ ಸ್ಟೈಲೊ: ಕಲ್ಲುನೆಲದಲ್ಲಿಯೂ ಬರುವ ದ್ವಿದಳ ಮೇವು. ಎಕರೆಗೆ ೩ ರಿಂದ ೪ ಕಿಲೋಗ್ರಾಂ ಬೀಜ ಬೇಕು. ಇದರ ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಎರಚಿದರೆ ಬಹುಭಾಗ ಮೊಳೆಯದೆ ಮಲಗುವುದು. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ನಾಲ್ಕು ನಿಮಿಷ ಬಿಟ್ಟು, ಅದರಲ್ಲಿ ಬೀಜವನ್ನು ನಾಲ್ಕು ನಿಮಿಷ ಅದ್ದಿಡತಕ್ಕದ್ದು. ಬಳಿಕ ಆ ನೀರನ್ನು ಚೆಲ್ಲಿ, ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ, ನೆರಳಿನಲ್ಲಿ ಆರಿಸಿ, ಹುರುಳಿ ಚೆನ್ನಾಗಿ ಬಂದ ಹೊಲದ ಮಣ್ಣನ್ನು ಒಂದೆರಡು ಹಿಡಿ ಬೆರಸಿ ಬಿತ್ತಬೇಕು. ಬೇರುಗಂಟಿನ ಅಣುಜೀವಿಗಳು ಆ ಮಣ್ಣಿನೊಡನೆ ಬರುವುವು. ಈ ಸಸ್ಯವು ಅಮೆರಿಕ ಖಂಡದ ಕಡೆಯದು. ಆದ್ದರಿಂದ ಕಾಡಿನ ಗಡಿಗೆ ಒತ್ತಿದ ತಾಕುಗಳಲ್ಲಿ ಇದನ್ನು ಹಾಕಕೂಡದು. ಅಂದದ ಗಿಡವೆಂದು ಪರದೇಶದಿಂದ ತಂದ ಲಂಟಾನವು ಕಾಡನ್ನು ನುಂಗಿದುದನ್ನು ಕಣ್ಣಾರೆ ಕಾಣುತ್ತಿದ್ದೇವೆ. ಅಂಥ ಸ್ಥಳದಲ್ಲಿ ಅಂಜನ್ ಹುಲ್ಲಿನೊಡನೆ, ಅಲ್ಲಿಯೇ ಬೆಳೆದ ಕರಡದ ಹುಲ್ಲಿನ ಮಾಗಿದ ತೆನೆಗಳನ್ನು ಕೈಯಿಂದ ಉದುರಿಸಿ ಚೆಲ್ಲುವುದೇ ಯುಕ್ತ. ಅದಕ್ಕೆ ಬೆಲೆಯೂ ಇಲ್ಲ.

ಹುರುಳಿ: ಎಕರೆಗೆ ೪ ರಿಂದ ೫ ಕಿಲೋಗ್ರಾಂ. ಇದು ಬೇಗನೆ ಎದ್ದು ನೆಲವನ್ನು ಮುಚ್ಚಿ, ನಿಧಾನವಾಗಿ ಏಳುವ ಹುಲ್ಲಿನ ಸಸಿಗಳಿಗೆ ಮರೆಯಾಗುವುದು. ಆದರೆ ಜಿಂಕೆಗೆ ಇದಕ್ಕಿಂತ ಪ್ರಿಯವಾದ ಪೈರಿಲ್ಲ. ಕಾಡು ಹತ್ತಿರವಿದ್ದಲ್ಲಿ ಇದನ್ನು ಬಿಟ್ಟುಬಿಡತಕ್ಕದ್ದು.

ಯಾವ ಬೀಜವನ್ನೇ ಕೊಂಡರೂ ಅದರಲ್ಲಿ ೧೦೦ ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುವುವೆಂದು ನೋಡಬೇಕು. ಅರ್ಧಕ್ಕಿಂತ ಕಡಮೆ ಮೊಳೆತರೆ ಆ ಬೀಜವನ್ನು ಗುಡ್ಡಕ್ಕೆ ಹೊರಬಾರದು.

೭. ಬಿತ್ತನೆಯ ಕಾಲ

ಈ ವಿಷಯದಲ್ಲಿ ಬರೆಯುವವನು ತನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ಉಪಯುಕ್ತವಾದೀತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಗ್ರಾಮದ ಗುಡ್ಡದ ಮಗ್ಗುಲಲ್ಲಿ ಒಬ್ಬ ರೈತನಿಂದ ಇಂಥ ತಾಕನ್ನು ಮಾಡಿಸಿದೆನು. ಭರಣಿ ಮಳೆ ಒಂದು ಹದ ಚೆನ್ನಾಗಿ ಬಿತ್ತು. ಆತನು ‘ಸ್ವಾಮೀ, ಇನ್ನೊಂದು ಮಳೆ ನೋಡೋಣ’ ಎಂದರೂ ಕೇಳದೆ ಬೀಜವನ್ನು ಎರಚಿಸಿದೆನು. ಎಂಟು ದಿನಕ್ಕೆ ನೆಲವೆಲ್ಲ ಹಸುರಾಯಿತು. ಆಮೇಲೆ ಮೂರು ವಾರ ಒಂದು ಹನಿಯೂ ಬೀಳಲಿಲ್ಲ. ಸಸಿಗಳು ಒಣಗಿದುವು. ಮೊಳೆಯದೆ ಉಳಿದ ಬೀಜವನ್ನು ಇರುವೆಗಳು ಸಾಲುಹಿಡಿದು ಹೊತ್ತುಕೊಂಡು ಹೋದುವು. ಬಂಡೆಯ ನೆರಳಿನಲ್ಲಿ ಬದುಕಿದ ನಾಲ್ಕಾರು ಗುಂಪುಗಳನ್ನು ಊರಿನ ಆಡುಗಳು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದುವು. ಆ ಬೇಸಗೆಯಲ್ಲಿ ಆತನು ತನ್ನ ಜೋಡಿಯಲ್ಲಿ ಒಂದು ಎತ್ತನ್ನು ಮಾರಿದನೆಂದು ಕೇಳಿ ನನಗಾದ ವ್ಯಥೆಯನ್ನು ಇಲ್ಲಿ ಬರೆಯಬೇಕಾದ್ದಿಲ್ಲ. ಕಲಿತದ್ದಿಷ್ಟು: ಕಾಲವನ್ನು ನೆಲದ ಯಜಮಾನನೇ ಬಲ್ಲನು; ಇರುವೆಗೆ ಮುಂಚಿತವಾಗಿಯೇ ಉಪಾಯ ಬೇಕು; ಬೇಲಿಯಿಲ್ಲದೆ ಬೀಜ ಹಾಕುವುದಕ್ಕಿಂತ ಹಾಕದಿರುವುದೇ ಲೇಸು.

ಮುಂಗಾರು ಬಿಡದೆ ಹಿಡಿಯುವ ಸೀಮೆಗಳಲ್ಲಿ ರೋಹಿಣಿ ಮೃಗಶಿರೆಗಳಲ್ಲಿ ಬಿತ್ತಬಹುದು. ಗುಂಡ್ಲುಪೇಟೆ ಚಾಮರಾಜನಗರಗಳ ಕಡೆಯಂತೆ ಮೊದಲ ಮಳೆಯಾದ ಮೇಲೆ ನಡುವೆ ಬಿಡುವು ಬೀಳುವ ಸೀಮೆಗಳಲ್ಲಿ ಭರಣಿ ಕೃತ್ತಿಕೆಗಳ ಮಳೆಯನ್ನು ಬೇಲಿ ನೆಡುವುದಕ್ಕೂ ಕಲ್ಲುಸಾಲು ಕಟ್ಟುವುದಕ್ಕೂ ಉಪಯೋಗಿಸಿಕೊಂಡು, ಬೀಜವನ್ನು ಮಖೆ ಹುಬ್ಬೆಗಳ ತನಕ ಕಾದಿಡುವುದು ಕ್ಷೇಮ. ಆಗ ಉತ್ತರೆ, ಹಸ್ತೆ, ಚಿತ್ತೆಗಳ ಮಳೆಯು ಸಸಿಗೆ ಬೆನ್ನಾಗಿರುವುದು.

೮. ಬಿತ್ತುವ ಕ್ರಮ

ಮೋಡ ಕಟ್ಟಿ ಮಳೆಯ ಲಕ್ಷಣ ಕಂಡ ದಿನ ಇಬ್ಬರು ಆಳುಗಳು ತಾಕಿಗೆ ಹೋಗತಕ್ಕದ್ದು. ಹೊರೆಯಲ್ಲಿ ಬೀಜ, ಬೂದಿ, ಎರಡು ಕುಡುಗೋಲು, ಒಂದು ಸಲಿಕೆ ಇಷ್ಟಿದ್ದರೆ ಸಾಕು. ಹುಲ್ಲು ತೀರ ದಟ್ಟವಾಗಿರುವ ಕಡೆ ಮುಳ್ಳಿನ ಕೊಂಬೆಯೊಂದನ್ನು ಎಳೆದು ನೆಲವನ್ನು ಕೆರೆಯಬೇಕು. ಆಮೇಲೆ ಬೀಜವನ್ನು ಬೂದಿ ಮತ್ತು ಒದ್ದೆ ಮರಳಿನೊಡನೆ ಬೆರಸಿ ಎರಡು ಪಾಲು ಮಾಡಿ, ಒಂದು ಪಾಲನ್ನು ಇಳಿಜಾರಿನ ಉದ್ದಕ್ಕೂ ಮತ್ತೊಂದನ್ನು ಅಡ್ಡಲಾಗಿಯೂ ನಡೆದು ಎರಚಬೇಕು. ಹೀಗೆ ಮಾಡಿದರೆ ಬರಿಯ ಪಟ್ಟೆಗಳು ಉಳಿಯವು. ಬೂದಿಯಿಂದ ಇರುವೆಯ ಕಾಟವು ತಕ್ಕಮಟ್ಟಿಗೆ ಕಡಮೆಯಾಗುವುದು.

ಎರಚಿದ ಮೇಲೆ, ಪರದೇಶದವರ ಕ್ರಮದಂತೆ, ನಿಂತಿರುವ ಹುಲ್ಲನ್ನು ಕೊಯ್ದು ಅಲ್ಲಿಯೇ ತೆಳುವಾಗಿ ಹರಡಬೇಕು. ಹೊದಿಕೆಯ ಸಂದಿನಿಂದ ನೆಲವು ಅಲ್ಲಲ್ಲಿ ಕಾಣುವಂತಿರಬೇಕು. ದಪ್ಪನಾದ ಹೊದಿಕೆಯಲ್ಲಿ ಸಣ್ಣಬೀಜವು ಉಸಿರುಗಟ್ಟುವುದು. ಈ ಬೀಜಗಳನ್ನು ಆಳಕ್ಕೆ ಹೂಳಲೇಕೂಡದು. ಉಗುರಿನ ದಪ್ಪ ಮಣ್ಣು ಮುಚ್ಚಿದರೆ ಹೆಚ್ಚಾಯಿತು. ಸಾಧ್ಯವಾದರೆ ಕುರಿಗಳನ್ನು ಒಂದು ಸಲ ತಾಕಿನ ಮೇಲೆ ಹಾಯಿಸಿ ಹೊರಡಿಸಿದರೆ ಬೀಜವು ಮಣ್ಣಿಗೆ ಅಂಟುವುದು.

ಬಂಡೆಗಳ ಸಂದಿನಲ್ಲಿ ಕೆರೆಯಲು ಕೈಯೇ ಹೋಗದಿರುವಲ್ಲಿ ಬೀಜದುಂಡೆಗಳನ್ನು ಉಪಯೋಗಿಸಬಹುದು. ಐದು ಪಾಲು ಜೇಡಿಮಣ್ಣು, ಒಂದು ಪಾಲು ಪುಡಿಗೊಬ್ಬರ, ಒಂದು ಪಾಲು ಬೀಜ, ಇವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಗೋಲಿಯ ಗಾತ್ರದ ಉಂಡೆ ಮಾಡಿ ನೆರಳಿನಲ್ಲಿ ಒಣಗಿಸತಕ್ಕದ್ದು. ಉಂಡೆಗಳು ಭಾರವಾದುವು, ಆದ್ದರಿಂದ ಜೇಡಿಯು ತಾಕಿನ ಹತ್ತಿರವೇ ಸಿಕ್ಕುವಲ್ಲಿ ಅಲ್ಲಿಯೇ ಕುಳಿತು ಮಾಡಿಕೊಳ್ಳುವುದು ಜಾಣತನ.

ಸುಡುವುದರಿಂದ ಹೊಸ ಹುಲ್ಲು ಬರುವುದೆಂದು ಬೆಂಕಿಯಿಡುವ ಅಭ್ಯಾಸವು ಕೆಲವೆಡೆ ಇದೆ. ಕಾಡಂಚಿನಲ್ಲಿ ಇದನ್ನು ಸರ್ವಥಾ ಮಾಡಕೂಡದು. ೨೦೧೯ರ ಫೆಬ್ರುವರಿಯಲ್ಲಿ ಬಂಡೀಪುರವು ಬೆಂದುದನ್ನು ಈ ಸೀಮೆಯವರು ಮರೆತಿರಲಾರರು. ತಾಕಿನ ಸುತ್ತ ಎರಡು ಮಾರು ಅಗಲ ಹುಲ್ಲನ್ನು ಕೆರೆದು ಬರಿನೆಲ ಬಿಟ್ಟರೆ ಹೊರಗಿನ ಬೆಂಕಿಯೂ ಒಳಕ್ಕೆ ಬಾರದು.

೯. ಬೇಲಿಯೂ ಕಟ್ಟುಪಾಡೂ

ಇಂಥ ತಾಕು ಕೆಡುವುದು ಬಹುಮಟ್ಟಿಗೆ ಬೀಜದಿಂದಲ್ಲ, ಮಳೆಯಿಂದಲೂ ಅಲ್ಲ, ಬಾಯಿಂದ. ಮೊದಲ ವರ್ಷ ಒಂದು ದಿನ ಮೇದರೂ ಎಳೆಯ ಸಸಿಯು ಬೇರುಸಹಿತ ಕಿತ್ತುಬರುವುದು.

ಕತ್ತಾಳೆಯ ಕಂದುಗಳನ್ನು ಮುಂಗಾರಿನಲ್ಲಿ ಒಂದೊಂದು ಮೊಳಕ್ಕೆ ಒಂದರಂತೆ ನೆಟ್ಟರೆ ಎರಡು ಮೂರು ವರ್ಷಗಳಲ್ಲಿ ದನ ದಾಟದ ಬೇಲಿಯಾಗುವುದು. ಅಲ್ಲಿಯ ತನಕ ಜಾಲಿಯ ಮುಳ್ಳನ್ನೋ, ಕಾಯಿ ಕಚ್ಚುವ ಮುಂಚೆಯೇ ಹೊಲದ ಬದುಗಳಿಂದ ಕಡಿದ ಲಂಟಾನದ ಒಣಜಿಗ್ಗನ್ನೋ ಒಡ್ಡಬಹುದು. ವಿದ್ಯುತ್ತಿನ ಲೈನಿನಿಂದ ನೇರವಾಗಿ ತಂತಿ ಎಳೆಯುವುದು ಅಪರಾಧ. ಅದರಿಂದ ಆನೆಯೂ ಸಾಯುವುದು, ರಾತ್ರಿ ನೀರು ಕಟ್ಟಲು ಹೋದ ಮಗನೂ ಸಾಯುವನು.

ಆದರೆ ಮುಳ್ಳಿನ ಬೇಲಿಗಿಂತ ಮಾತಿನ ಬೇಲಿಯು ಬಲವಾದುದು. ಇದು ಗ್ರಾಮದ ಮುಖಂಡರ ಕೆಲಸ. ನಮ್ಮ ನಾಡಿಗೆ ಇದು ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಏರ್ಪಟ್ಟು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳ ಇಲಾಖೆಯಲ್ಲಿ, ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ವಿಂಗಡಿಸಿ, ದನಗಳನ್ನು ಕಾಲಕ್ಕೆ ಸರಿಯಾಗಿ ಒಂದರಿಂದ ಮತ್ತೊಂದಕ್ಕೆ ಹೊಡೆಯುತ್ತಿದ್ದರು. ಒಂದು ಕಾವಲು ಮೇಯುವಾಗ ಉಳಿದುವು ವಿಶ್ರಾಂತಿಯಲ್ಲಿ ಬೀಜ ಕಟ್ಟುತ್ತಿದ್ದುವು. ಹುಲ್ಲುಗಾವಲನ್ನು ಹೀಗೆ ಕಾದಲ್ಲಿ ಅದರಿಂದ ಮೃಗಗಳಿಗೂ ಆಶ್ರಯವುಂಟು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆಯಾಗಿ ಉಳಿದಿದ್ದರಿಂದಲೇ ೨೦೦೭ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಗೊತ್ತುಮಾಡಲ್ಪಟ್ಟಿತು.

ಗ್ರಾಮದಲ್ಲಿ ಐದಾರು ಮಂದಿ ಒಂದೇ ಗುಡ್ಡದ ಮಗ್ಗುಲಲ್ಲಿ ಕೂಡಿ ತಾಕು ಮಾಡಿದರೆ ಬೇಲಿಯ ಖರ್ಚು ಕಡಮೆಯಾಗುವುದು. ಹುಬ್ಬೆಯಿಂದ ಸಂಕ್ರಾಂತಿಯ ತನಕ ಆ ಮಗ್ಗುಲಿಗೆ ದನ ಆಡು ಹೊಡೆಯಕೂಡದೆಂದು ಊರು ಕೂಡಿದಲ್ಲಿ ಮಾತಾಗತಕ್ಕದ್ದು. ಆಡು ಕಾಯುವ ಬಡವನಿಗೆ ಬೇರೆ ದಾರಿ ತೋರಿಸದೆ ಈ ಮಾತನ್ನು ಆಡಿದರೆ ಅದು ನಿಲ್ಲದು. ಅವನಿಗೂ ಕೊಯ್ಲಿನಲ್ಲಿ ಗೊತ್ತಾದ ಹೊರೆಗಳ ಪಾಲು ಇರಬೇಕು. ಆಗ ಅವನೇ ಕಾವಲುಗಾರನಾಗುವನು.

೧೦. ಕೊಯ್ಲು ಮತ್ತು ಸಾಗಣೆ

ಮೊದಲ ವರ್ಷದ ಹುಲ್ಲು ರೈತನದಲ್ಲ, ನೆಲದ್ದು. ಬೀಜವು ಮಾಗಿ ಉದುರುವ ತನಕ ಕುಡುಗೋಲು ಹಾಕಕೂಡದು. ಎರಡನೆಯ ವರ್ಷದಿಂದ ಹುಲ್ಲು ಹೂಬಿಡುವ ಸಮಯದಲ್ಲಿ ಕೊಯ್ದರೆ ಮೇವು ಪುಷ್ಟಿಯಾಗಿರುವುದು. ಬುಡದಲ್ಲಿ ಆರು ಬೆರಳಿನಷ್ಟು ಎತ್ತರವನ್ನು ಬಿಟ್ಟು ಕೊಯ್ಯಬೇಕು. ನೆಲಕ್ಕೆ ಹತ್ತಿ ಕೊಯ್ದರೆ ಮರುಚಿಗುರು ಬಾರದು. ಈಟಿಹುಲ್ಲು ಬೆರೆತಿದ್ದರೆ ಅದರ ಮುಳ್ಳುತೆನೆ ಬಲಿಯುವ ಮುಂಚೆಯೇ ಕೊಯ್ಯತಕ್ಕದ್ದು.

ಇಲ್ಲಿಯೂ ತಲೆಹೊರೆಯ ಲೆಕ್ಕವನ್ನು ಮರೆಯಬಾರದು. ಹಸಿಹುಲ್ಲಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಹಸಿಯಾಗಿ ಹೊತ್ತರೆ ನಾಲ್ಕು ಹೊರೆ. ಅದನ್ನೇ ಬಂಡೆಯ ಮೇಲೆ ಎರಡು ಮೂರು ದಿನ ತಿರುವಿಹಾಕಿ ಒಣಗಿಸಿ ಹೊತ್ತರೆ ಒಂದೇ ಹೊರೆ. ಬಣ್ಣವು ಹಸುರಾಗಿರುವಾಗಲೇ ಕಟ್ಟಬೇಕು. ಬಿಳಿಚಿಕೊಳ್ಳುವ ತನಕ ಬಿಸಿಲಿನಲ್ಲಿ ಬಿಟ್ಟರೆ ಸಾರವು ಹೋಗುವುದು. ಸ್ಟೈಲೊವಿನ ಎಲೆ ಉದುರುವುದು ಬೇಗ. ಅದನ್ನು ಬೆಳಗಿನ ಮಂಜಿನ ತಂಪಿನಲ್ಲಿ ಕಟ್ಟುವುದು ಉತ್ತಮ.

೩೦೦ ಕಿಲೋಗ್ರಾಂ ತೂಕದ ನಾಟಿ ಎತ್ತಿಗೆ ದಿನಕ್ಕೆ ಒಣಮೇವಿನ ಲೆಕ್ಕದಲ್ಲಿ ಸುಮಾರು ೬ ರಿಂದ ೭ ಕಿಲೋಗ್ರಾಂ ಬೇಕು. ತಾಕು ಚೆನ್ನಾಗಿ ಹಿಡಿದ ಮೇಲೆ ಕಲ್ಲುನೆಲದ ಒಂದು ಎಕರೆಯಿಂದ ಒಂದು ಟನ್ನು ಒಣಹುಲ್ಲು ಮಾತ್ರವೇ ಬಂದಿತೆಂದು ಇಟ್ಟುಕೊಂಡರೂ ಅದು ಒಂದು ಎತ್ತಿಗೆ ೧೪೦ ದಿನಗಳ ಆಹಾರ. ಅಂದರೆ ಸಂಕ್ರಾಂತಿಯಿಂದ ಮುಂಗಾರಿನ ಮೊದಲ ಹಸುರಿನ ತನಕ. ೨೫ ಕಿಲೋಗ್ರಾಮಿನ ಹೊರೆಯಂತೆ ಅದು ೪೦ ಹೊರೆ. ದಿನಕ್ಕೆ ಒಂದರಂತೆ ಹೊಲದ ಕೆಲಸದಿಂದ ಮರಳುವಾಗ ಹೊತ್ತುತಂದರೂ ಕೊಯ್ದಲ್ಲಿಂದ ನಲವತ್ತು ದಿನದಲ್ಲಿ ಮುಗಿಯುವುದು. ರಾಗಿಹುಲ್ಲಿನೊಡನೆ ಬೆರಸಿ ಹಾಕಿದರೆ ಇನ್ನೊಂದು ದನಕ್ಕೂ ಆಧಾರವಾಗುವುದು.

೧೧. ಜಿಂಕೆಯು ತಾಕಿಗೆ ಬಂದರೆ

ಹಸುರು ಕಂಡಲ್ಲಿಗೆ ಜಿಂಕೆ ಬಾರದೆಂದು ಹೇಳಲಾಗದು. ಆದರೆ ಪೈರಿಗೂ ಬಹುವಾರ್ಷಿಕ ಹುಲ್ಲಿಗೂ ಒಂದು ಭೇದವುಂಟು. ಹುರುಳಿಯ ಕುಡಿಯನ್ನು ಜಿಂಕೆ ಕಚ್ಚಿದರೆ ಆ ವರ್ಷದ ಕಾಳು ಹೋದಂತೆಯೇ. ಬೇರೂರಿದ ಅಂಜನ್ ಹುಲ್ಲಿನ ತುದಿಯನ್ನು ಕಚ್ಚಿದರೆ ಅದು ಮತ್ತೆ ಚಿಗುರುವುದು. ಆದ್ದರಿಂದ ಕಾಡಿನ ಕಡೆಯ ಹೊರನೆಲದಲ್ಲಿ ಹುಲ್ಲನ್ನೂ ಊರಿನ ಕಡೆಯ ಒಳನೆಲದಲ್ಲಿ ಹುರುಳಿ ಅವರೆಗಳನ್ನೂ ಇಟ್ಟುಕೊಳ್ಳುವುದೇ ಸರಿಯಾದ ಹಂಚಿಕೆ. ಪೈರಿಗೆ ನಷ್ಟವಾದಲ್ಲಿ ಉರುಳು, ಸಿಡಿಮದ್ದುಗಳಿಗೆ ಕೈಹಾಕದೆ, ಕೂಡಲೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿಯನ್ನು ಕೊಡತಕ್ಕದ್ದು.

೧೨. ಸಾರಾಂಶ

ಸ್ವಂತ ನೆಲದಲ್ಲಿ ಅರ್ಧ ಎಕರೆಯಿಂದ ಆರಂಭಿಸುವುದು, ಬೇಲಿಯನ್ನು ಬೀಜಕ್ಕಿಂತ ಮುಂಚೆ ಹಾಕುವುದ, ಮೊಳೆಯುವ ಬೀಜವನ್ನೇ ಹೊರುವುದು, ನಂಬುವಂಥ ಮಳೆಗೆ ಕಾಯುವುದು, ಎರಚಿ, ಕೊಯ್ದು, ಹೊದಿಸುವುದು, ಮೊದಲ ವರ್ಷ ಕೈಯಿಡದಿರುವುದು, ಒಣಗಿಸಿ ಹೊರುವುದು. ಇಷ್ಟರಲ್ಲಿ ಬೀಜವೊಂದನ್ನುಳಿದು ಹಣ ಕೊಟ್ಟು ಕೊಳ್ಳಬೇಕಾದದ್ದು ಯಾವುದೂ ಇಲ್ಲ.

ತಾಕು ಹಿಡಿಯಲು ಎರಡು ವರ್ಷ ಬೇಕು. ಮೇವಿಲ್ಲದೆ ಎತ್ತನ್ನು ಮಾರಲು ಒಂದು ಸಂತೆ ಸಾಕು. ಮಾರಿದ ಎತ್ತನ್ನು ಮರಳಿ ಕೊಳ್ಳಲು ಎಷ್ಟು ಸುಗ್ಗಿ ಬೇಕೆಂಬುದನ್ನು ಓದುವವರೇ ಬಲ್ಲರು. ಮೇಲೆ ಹೇಳಿದ ರೈತನು ಎರಡು ವರ್ಷದ ಅನಂತರ ತಾನೇ ಹುಬ್ಬೆ ಮಳೆಯನ್ನು ನೋಡಿ ಅದೇ ಮಗ್ಗುಲಲ್ಲಿ ಮತ್ತೆ ಬಿತ್ತಿದನು. ಈ ಸಲ ಬೇಲಿ ಮೊದಲಿತ್ತು, ಊರಿನ ಮಾತೂ ಇತ್ತು. ಆ ಹುಲ್ಲು ಹಿಡಿಯಿತು. ಗ್ರಾಮದ ಹಿಡುವಳಿದಾರರೂ ಮುಖಂಡರೂ ಈ ವಿಷಯದಲ್ಲಿ ಲಕ್ಷ್ಯವಿಟ್ಟು, ತಮ್ಮ ತಮ್ಮ ಬೀಳುನೆಲವನ್ನು ಈ ವರ್ಷವೇ ಒಂದು ಸಲ ಹೋಗಿ ನೋಡಿಬರಬೇಕೆಂದು ಕೋರಲಾಗಿದೆ.